ಅಂಗಿಯೊಳಗೆ ಹಾಕುವ ಬುಲೆಟ್ ಪ್ರೂಫ್ ಜಾಕೆಟ್: ಡ್ಯೂಟಿಯಲ್ಲಿ ಹೇಗಿದೆ?

ನಾನು ರಾಜಕೀಯ ನಾಯಕರೊಬ್ಬರ ಕುಟುಂಬಕ್ಕೆ ಅಂಗರಕ್ಷಕ. ಈ ಜಾಕೆಟ್ ನನಗೆ ತುಂಬಾ ಹಿಡಿಸಿತು. ಹೊರಗೆ ಕಾಣುವುದೇ ಇಲ್ಲ. ಮಕ್ಕಳ ಜೊತೆ ಶಾಲೆಗೆ ಹೋಗುವವರಿಗೆ ಇದು ದೊಡ್ಡ ವಿಷಯ, ಅಲ್ವಾ? ಮಕ್ಕಳು ಹೆದರುವುದಿಲ್ಲ. ಕಾರಿನ ಬಾಗಿಲು ತೆಗೆದು, ಬಗ್ಗಿ, ಅವರಿಗೆ ಅಡ್ಡ ನಿಲ್ಲುವಾಗ ಭುಜ ಬಿಗಿಯುವುದಿಲ್ಲ. ಆದರೆ ಕೂತಾಗ ಮುಂದಿನ ಪ್ಯಾನೆಲ್ (ಹೊದಿಕೆಯೊಳಗಿನ, ಗುಂಡು ತಡೆಯುವ ಪದರ) ಗಂಟಲಿಗೆ ಒತ್ತುತ್ತದೆ. ಸ್ವಲ್ಪ ಗಿಡ್ಡದ್ದೇ ಕೇಳಿ. ಬೆವರಂತೂ ಜಾಸ್ತಿ.

ಇದು 3ಎ ಎಂಬ ರಕ್ಷಣಾ ದರ್ಜೆಯದು. ಅಂದರೆ ಪಿಸ್ತೂಲಿನ ಗುಂಡು ತಡೆಯುತ್ತದೆ, ರೈಫಲ್ ಗುಂಡನ್ನಲ್ಲ. ಅದಕ್ಕೆ ಗಟ್ಟಿ ಪ್ಲೇಟ್ ಬೇಕು. ಚಾಕುವಿಗೂ ಇದನ್ನು ನಂಬಬೇಡಿ. ಗುಂಪಿನಲ್ಲಿ ಜನರ ಕೈಗಳನ್ನು ನೋಡುತ್ತಲೇ ಇರಬೇಕು, ಜಾಕೆಟ್ ಇದ್ದರೂ ಅಷ್ಟೇ. ಪ್ಯಾನೆಲ್ ಹೊರತೆಗೆದು ಹೊದಿಕೆ ಮಾತ್ರ ಒಗೆಯಿರಿ. ಮಡಚದೆ ಸಮತಟ್ಟಾಗಿ ಇಡಿ. ಕೊಳ್ಳುವಾಗ ಪ್ಯಾನೆಲ್ ಮೇಲಿನ ತಯಾರಿಕೆ ದಿನಾಂಕ ನೋಡಿ. ಸಾಮಾನ್ಯವಾಗಿ ವಾರಂಟಿ 5 ವರ್ಷ ಮಾತ್ರ.