ಮೂರು ಬೈಕ್ ಗ್ಯಾಂಗ್ ಸಿನಿಮಾ, ಮೂರು ಶವಸಂಸ್ಕಾರ

ಹಳೇ ಬೈಕ್ ಗ್ಯಾಂಗ್ ಸಿನಿಮಾಗಳಲ್ಲಿ ಹೊಡೆದಾಟ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಥರ ಇರುತ್ತದೆ. ಚೈನು, ಮುಷ್ಟಿ, ಒಡೆದ ಬಾಟಲಿ. ಯಾವುದು ಒಳ್ಳೇ ಸಿನಿಮಾ ಅಂತ ತಿಳಿಯಲು ನಾನು ನೋಡುವುದು ಬೇರೆ. ಗ್ಯಾಂಗಿನವನೊಬ್ಬ ಸತ್ತಾಗ ಉಳಿದವರು ಏನು ಮಾಡುತ್ತಾರೆ? ಈ ಕಣ್ಣಿನಿಂದಲೇ ಮೂರು ಸಿನಿಮಾಗಳನ್ನು ಒಂದರ ಹಿಂದೆ ಒಂದು ನೋಡಿದೆ: ಅಮೆರಿಕದ 'ದಿ ವೈಲ್ಡ್ ಏಂಜೆಲ್ಸ್' (1966), ಇಂಗ್ಲೆಂಡಿನ 'ಸೈಕೋಮೇನಿಯಾ' (1973), ಆಸ್ಟ್ರೇಲಿಯಾದ 'ಸ್ಟೋನ್' (1974). ಮೂರರಲ್ಲೂ ಸಾವಿದೆ, ಮಣ್ಣು ಮಾಡುವುದೂ ಇದೆ. ಕತೆಯ ಕೊನೆ ಗೊತ್ತಾಗಬಾರದು ಅನ್ನುವವರು ಸಿನಿಮಾ ನೋಡಿ ಬಂದು ಓದಿ.

'ವೈಲ್ಡ್ ಏಂಜೆಲ್ಸ್' ಮಾಡಿದ್ದು ರೋಜರ್ ಕಾರ್ಮನ್. ಕಡಿಮೆ ದುಡ್ಡಿನಲ್ಲಿ, ಬೇಗ ಬೇಗ ಚಿತ್ರ ತೆಗೆಯುವುದರಲ್ಲಿ ಪಳಗಿದ ಕೈ. ಕಾರಲ್ಲೇ ಕೂತು ಸಿನಿಮಾ ನೋಡುವ ಡ್ರೈವ್-ಇನ್‌ಗಳೇ ಆಗ ಇಂಥ ಚಿತ್ರಗಳ ದೊಡ್ಡ ಮಾರುಕಟ್ಟೆ. ಗ್ಯಾಂಗಿನ ದೃಶ್ಯಗಳಲ್ಲಿ ಹೆಲ್ಸ್ ಏಂಜೆಲ್ಸ್ ಎಂಬ ಅಮೆರಿಕದ ನಿಜವಾದ ಬೈಕ್ ಗ್ಯಾಂಗಿನ ಸದಸ್ಯರೇ ಇದ್ದಾರೆ. ನಾಯಕನ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಜಾರ್ಜ್ ಚಕಿರಿಸ್. ಅವರಿಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ. ಹಾಗಾಗಿ ಸಣ್ಣ ಪಾತ್ರದಲ್ಲಿದ್ದ ಪೀಟರ್ ಫೊಂಡಾ ನಾಯಕರಾದರು, ಫೊಂಡಾ ಬಿಟ್ಟ ಪಾತ್ರ ಬ್ರೂಸ್ ಡರ್ನ್ ಪಾಲಾಯಿತು. ಆ ಪಾತ್ರದ ಹೆಸರು ಲೂಸರ್. ಸಾಯುವವನು ಅವನೇ.

ಲೂಸರ್‌ನ ಕಳುವಾದ ಬೈಕ್ ಹುಡುಕಿಕೊಂಡು ಗ್ಯಾಂಗ್ ಹೊರಡುತ್ತದೆ. ಗಲಾಟೆಯಾಗಿ, ಪೊಲೀಸರ ಗುಂಡು ಅವನಿಗೆ ಬೀಳುತ್ತದೆ. ಆಸ್ಪತ್ರೆಯಿಂದ ಗೆಳೆಯರೇ ಅವನನ್ನು ಎತ್ತಿಕೊಂಡು ಬರುತ್ತಾರೆ. ಉಳಿಸಲು ಮಾಡಿದ ಆ ಕೆಲಸದಿಂದಲೇ ಅವನು ಸಾಯುತ್ತಾನೆ. ಆಮೇಲೆ ಊರಿನ ಚರ್ಚಿನಲ್ಲಿ ಶವಸಂಸ್ಕಾರ. ಪೆಟ್ಟಿಗೆಯ ಮೇಲೆ ನಾಜಿ ಧ್ವಜ. ಪಾದ್ರಿಯ ಮಾತನ್ನು ತಡೆದು ಫೊಂಡಾ ಸ್ವಾತಂತ್ರ್ಯದ ಬಗ್ಗೆ ಕೂಗುತ್ತಾನೆ, ಚರ್ಚಿನೊಳಗೇ ಪಾರ್ಟಿ ಶುರುವಾಗುತ್ತದೆ. ಹೆಣವನ್ನು ಪೆಟ್ಟಿಗೆಯಿಂದ ತೆಗೆದು ಕೂರಿಸುತ್ತಾರೆ. ಸತ್ತವನ ಹುಡುಗಿಯ ಮೇಲೆ ಅವನ ಗೆಳೆಯರೇ ಬೀಳುತ್ತಾರೆ. ಈ ಭಾಗ ನೋಡಲು ನನಗೆ ಇಂದಿಗೂ ಕಷ್ಟ. ಕಾಲ ಹಾಗಿತ್ತು ಅಂತ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಹೆಣ್ಣಿನ ನೋವನ್ನು ಟಿಕೆಟ್ ಮಾರಲು ಬಳಸಿದ ಚಿತ್ರಗಳಿವು.

ಆದರೆ ಕೊನೆಯ ಕೆಲವು ನಿಮಿಷ ನೋಡಿ. ಸ್ಮಶಾನದಲ್ಲಿ ಊರವರ ಜೊತೆ ಜಗಳ, ದೂರದಲ್ಲಿ ಪೊಲೀಸ್ ಸೈರನ್. ಎಲ್ಲರೂ ಬೈಕ್ ಹತ್ತಿ ಓಡುತ್ತಾರೆ. ಫೊಂಡಾ ಮಾತ್ರ ಹೋಗುವುದಿಲ್ಲ. ಹೋಗಲು ಜಾಗವೇ ಇಲ್ಲ ಅನ್ನುತ್ತಾನೆ, ಗುದ್ದಲಿ ಹಿಡಿದು ಗುಂಡಿಗೆ ಮಣ್ಣು ಎಳೆಯುತ್ತಾನೆ. ಅಷ್ಟು ಹೊತ್ತು ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಕಿರುಚಿದವನಿಗೆ ಉಳಿದ ಕೆಲಸ ಅದೊಂದೇ. ಗ್ಯಾಂಗನ್ನು ಮೆರೆಸಿದ ಚಿತ್ರ ಅನ್ನುವವರು ಇಲ್ಲಿವರೆಗೆ ನೋಡಿಲ್ಲ ಅನಿಸುತ್ತದೆ. ಆ ವರ್ಷ ವೆನಿಸ್ ಚಿತ್ರೋತ್ಸವ ಶುರುವಾಗಿದ್ದು ಇದೇ ಸಿನಿಮಾದಿಂದ.

'ಸೈಕೋಮೇನಿಯಾ'ದಲ್ಲಿ ಸಾವು ಬರೀ ದಾರಿ. ಸಾಯುವಾಗ ವಾಪಸ್ ಬರುತ್ತೇನೆ ಅಂತ ಗಟ್ಟಿಯಾಗಿ ನಂಬಿದರೆ ವಾಪಸ್ ಬರಬಹುದು ಅನ್ನುವುದು ಕತೆ. ಗ್ಯಾಂಗಿನ ನಾಯಕನನ್ನು ಬೈಕ್ ಮೇಲೆ ಕೂತ ಹಾಗೆಯೇ ಹೂಳುತ್ತಾರೆ. ಗೆಳೆಯನೊಬ್ಬ ಗಿಟಾರ್ ಹಿಡಿದು ಹಾಡುತ್ತಾನೆ. ಆಮೇಲೆ ಮಣ್ಣು ಸೀಳಿಕೊಂಡು ಬೈಕ್ ಸಮೇತ ಅವನು ಮೇಲೆ ಹಾರುತ್ತಾನೆ! ಆ ಒಂದು ಶಾಟ್ ಸಾಕು, ನಾನು ಕುಣಿದುಬಿಟ್ಟೆ. ಉಳಿದದ್ದು ಸೂಪರ್ ಮಾರ್ಕೆಟ್ ಒಳಗೆ ಬೈಕ್ ಓಡಿಸುವಂಥ ತುಂಟಾಟ. ಸತ್ತವರು ಮತ್ತೆ ಎದ್ದು ಬರುವಾಗ ದುಃಖಕ್ಕೆ ಜಾಗ ಇರುವುದಿಲ್ಲ, ಅಲ್ವಾ? ಆಸ್ಕರ್ ಗೆದ್ದಿದ್ದ ಜಾರ್ಜ್ ಸ್ಯಾಂಡರ್ಸ್ ಇದರಲ್ಲಿ ಬಟ್ಲರ್. ಚಿತ್ರ ತೆರೆಗೆ ಬರುವ ಮೊದಲೇ ಅವರು ತೀರಿಕೊಂಡಿದ್ದರು.

'ಸ್ಟೋನ್' ನನ್ನ ಮನಸ್ಸಿಗೆ ತೀರಾ ಹತ್ತಿರ. ಗ್ರೇವ್ ಡಿಗ್ಗರ್ಸ್ ಎಂಬ ಗ್ಯಾಂಗಿನವರನ್ನು ಯಾರೋ ಒಬ್ಬೊಬ್ಬರಾಗಿ ಕೊಲ್ಲುತ್ತಿರುತ್ತಾರೆ. ತನಿಖೆಗೆ ಒಬ್ಬ ಪೊಲೀಸ್ ಅವರ ಜೊತೆ ಸೇರುತ್ತಾನೆ. ಸತ್ತವನನ್ನು ಕಳುಹಿಸಲು ಹೆದ್ದಾರಿಯಲ್ಲಿ ಸುಮಾರು 400 ಬೈಕ್‌ಗಳು ಸಾಲಾಗಿ ಹೊರಡುತ್ತವೆ. ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಕಾಲ. ನಿಜವಾದ ಸವಾರರು, ನಿಜವಾದ ರಸ್ತೆ. ಹೆಡ್‌ಫೋನ್ ಹಾಕಿಕೊಂಡು ಆ ಇಂಜಿನ್‌ಗಳ ಸದ್ದು ಕೇಳಬೇಕು. 'ವೈಲ್ಡ್ ಏಂಜೆಲ್ಸ್' ಗ್ಯಾಂಗಿಗೆ ಗೆಳೆಯನ ಹೆಣ ಸಿಕ್ಕಾಗ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಇವರಿಗೆ ಗೊತ್ತು. ಸಾಲು ಕಟ್ಟುತ್ತಾರೆ, ಜೊತೆಗೆ ಹೋಗುತ್ತಾರೆ. ಇಂಥ ಸಿನಿಮಾಗಳು ಹುಡುಗರನ್ನು ಯಾಕೆ ಎಳೆದವು ಅಂತ ನನಗೆ ಅರ್ಥವಾಗಿದ್ದು ಈ ದೃಶ್ಯದಲ್ಲಿ. ನೀನು ಸತ್ತರೆ ಇಷ್ಟು ಜನ ಬರುತ್ತಾರೆ ಅನ್ನುವ ಭರವಸೆ ಸಣ್ಣದಲ್ಲ. ನಿರ್ದೇಶಕ ಸ್ಯಾಂಡಿ ಹಾರ್ಬಟ್ ಮತ್ತೊಂದು ಕಥಾಚಿತ್ರ ಮಾಡಲೇ ಇಲ್ಲ. ಟೋಡ್ ಪಾತ್ರದ ಹ್ಯೂ ಕೀಸ್-ಬರ್ನ್ ಅವರನ್ನು 'ಮ್ಯಾಡ್ ಮ್ಯಾಕ್ಸ್' (1979) ನೋಡಿದವರು ಗುರುತು ಹಿಡಿಯುತ್ತಾರೆ.

ಒಂದೇ ಒಂದು ನೋಡುವುದಾದರೆ ನನ್ನ ಸಲಹೆ 'ವೈಲ್ಡ್ ಏಂಜೆಲ್ಸ್'. ಪ್ರೀತಿ 'ಸ್ಟೋನ್' ಮೇಲೆ ಜಾಸ್ತಿ, ಆದರೆ ಗ್ಯಾಂಗಿನ ಖಾಲಿತನವನ್ನು ಅಷ್ಟು ನೇರವಾಗಿ ತೋರಿಸುವ ಧೈರ್ಯ ಅದರಲ್ಲಿಲ್ಲ. ಬೈಕ್ ಓಡುವುದನ್ನೇ ಕಣ್ತುಂಬ ನೋಡಬೇಕು ಅನ್ನುವವರಿಗೆ 'ಹೆಲ್ಸ್ ಏಂಜೆಲ್ಸ್ ಆನ್ ವೀಲ್ಸ್' (1967) ಇದೆ. ನಾಯಕ ಜ್ಯಾಕ್ ನಿಕಲ್ಸನ್, ಕ್ಯಾಮೆರಾ ಲಾಸ್ಲೋ ಕೊವಾಕ್ಸ್. ಎರಡು ವರ್ಷದ ನಂತರ 'ಈಸಿ ರೈಡರ್'ಗೂ ಕ್ಯಾಮೆರಾ ಹಿಡಿದವರು ಅವರೇ.