ಜಪಾನಿನಿಂದ ಬಂದ ಟೊಯೊಟಾ ಅಕ್ವಾ: ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಆರು ವರ್ಷಗಳ ಬಳಕೆ

2014ರಲ್ಲಿ ತಯಾರಾದ, ಜಪಾನಿನಲ್ಲಿ 58,000 ಕಿ.ಮೀ. ಓಡಿದ್ದ ಟೊಯೊಟಾ ಅಕ್ವಾ ಹೈಬ್ರಿಡ್ (ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟರೂ ಇರುವ) ಕಾರನ್ನು ನಾನು 2019ರ ಮೇ ತಿಂಗಳಲ್ಲಿ ಡುನೆಡಿನ್ ನಗರದ ವ್ಯಾಪಾರಿಯೊಬ್ಬರಿಂದ 12,600 ನ್ಯೂಜಿಲೆಂಡ್ ಡಾಲರ್ ಕೊಟ್ಟು ಕೊಂಡೆ. ಆರು ವರ್ಷಗಳಲ್ಲಿ ಅದು ಒಟ್ಟು 1,46,000 ಕಿ.ಮೀ. ಮುಟ್ಟಿತು. ನಮ್ಮ ಮನೆ ಇರುವುದು ಒಟಾಗೊ ಪರ್ಯಾಯದ್ವೀಪದ ಪೋರ್ಟೊಬೆಲ್ಲೊದಲ್ಲಿ. ಅಲ್ಲಿಂದ ಊರಿಗೆ ಹೋಗುವ ರಸ್ತೆ ಬಹುಪಾಲು ನೀರಿನ ಅಂಚಿನಲ್ಲೇ ಸಾಗುತ್ತದೆ. ಗಾಳಿ ಜೋರಾದ ದಿನ ಉಪ್ಪುನೀರಿನ ಸಿಂಚನ ಕಾರಿನ ಮೇಲೆ ಬೀಳುತ್ತದೆ. ಇಂಥ ಕಡೆ ಬಳಸಿದ ಜಪಾನೀ ಕಾರನ್ನು ಆರಿಸುವವರು ಎಂಜಿನ್ನಿಗಿಂತ ಮೊದಲು ಅದರ ಅಡಿಭಾಗವನ್ನೂ ಹರಾಜಿನ ಚೀಟಿಯನ್ನೂ (ಜಪಾನಿನ ಹರಾಜಿನಲ್ಲಿ ಕಾರಿನ ಸ್ಥಿತಿಯನ್ನು ಪರೀಕ್ಷಿಸಿ ಬರೆದ ಹಾಳೆ) ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಪಾನಿನಲ್ಲೂ ಇಲ್ಲಿಯೂ ನಮ್ಮ ದೇಶದಂತೆಯೇ ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ನ್ಯೂಜಿಲೆಂಡಿನಲ್ಲಿ 1980ರ ದಶಕದ ಕೊನೆಯಲ್ಲಿ ಆಮದಿನ ಕಟ್ಟುಪಾಡುಗಳು ಸಡಿಲವಾದವು; 1998ರಲ್ಲಿ ಕಾರುಗಳ ಮೇಲಿನ ಸುಂಕವೂ ಹೋಗಿ, ಆ ವರ್ಷವೇ ಸ್ಥಳೀಯ ಕಾರು ಜೋಡಣೆಯ ಕಾರ್ಖಾನೆಗಳು ಮುಚ್ಚಿದವು. ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ನಂತರ ಎರಡು ವರ್ಷಕ್ಕೊಮ್ಮೆ 'ಶಾಕೆನ್' ಎಂಬ ತಪಾಸಣೆ ಆಗಲೇಬೇಕು. ಅದಕ್ಕೆ ಖರ್ಚು ಹೆಚ್ಚಾದ್ದರಿಂದ ಹಲವರು ಸುಸ್ಥಿತಿಯ ಕಾರನ್ನೇ ಮಾರಿಬಿಡುತ್ತಾರೆ. ಅಂಥ ಕಾರುಗಳೇ ಹರಾಜಿನ ಮೂಲಕ ಹಡಗು ಹತ್ತಿ ಇಲ್ಲಿಗೆ ಬರುತ್ತವೆ.

ಈ ಕಾರಿಗೆ ಮೊದಲು ನಾನು ಕೊಂಡ ಇನ್ನೊಂದು ಜಪಾನೀ ಕಾರಿನ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. ಬಣ್ಣದ ಹೊಳಪು ಮತ್ತು ಕಡಿಮೆ ಕಿಲೋಮೀಟರ್ ನೋಡಿ, ಚೀಟಿಯನ್ನು ಕೇಳದೆ ಹಣ ಕೊಟ್ಟಿದ್ದೆ. ಎರಡು ಚಳಿಗಾಲ ಕಳೆದ ಮೇಲೆ, ವರ್ಷಕ್ಕೊಮ್ಮೆ ಮಾಡಿಸಬೇಕಾದ 'ವಾರಂಟ್' ತಪಾಸಣೆಯಲ್ಲಿ, ಬಾಗಿಲ ಕೆಳಗಿನ ಉಕ್ಕಿನ ಭಾಗ ಒಳಗಿಂದ ತುಕ್ಕು ತಿಂದು ಟೊಳ್ಳಾಗಿರುವುದು ಗೊತ್ತಾಯಿತು. ಆಮೇಲೆ ಹುಡುಕಿ ತರಿಸಿದ ದಾಖಲೆಯ ಪ್ರಕಾರ ಆ ಕಾರು ಜಪಾನಿನ ಉತ್ತರದ ಹಿಮಪ್ರದೇಶದಲ್ಲಿ ಓಡಿದ್ದು. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಜಪಾನಿನ ಉಪ್ಪಿಗೆ ನಮ್ಮ ಕಡಲಿನ ಉಪ್ಪೂ ಸೇರಿದರೆ ಯಾವ ಉಕ್ಕು ತಾನೆ ತಡೆದೀತು? ಬೆಸುಗೆ ಹಾಕಿಸಲು 2,300 ಡಾಲರ್ ತೆತ್ತು, ನಷ್ಟದಲ್ಲಿ ಅದನ್ನು ಮಾರಿದೆ.

ಆದ್ದರಿಂದ ಅಕ್ವಾ ಕೊಳ್ಳುವಾಗ ಹರಾಜಿನ ಮೂಲ ಚೀಟಿಯನ್ನು ಓದಲು ಕಲಿತೆ. ಅದರಲ್ಲಿ ವರ್ಷವನ್ನು ಜಪಾನೀ ಶಕೆಯಲ್ಲಿ ಬರೆದಿರುತ್ತಾರೆ. ಹೇಸೇ 26 ಎಂದಿದ್ದರೆ 1988ನ್ನು ಕೂಡಿಸಿ 2014 ಎಂದು ತಿಳಿಯಬೇಕು. ಒಟ್ಟು ಸ್ಥಿತಿಗೆ 4.5, 4, 3.5 ಎಂಬಂತೆ ಅಂಕ ಇರುತ್ತದೆ. 'ಆರ್' ಅಥವಾ 'ಆರ್‌ಎ' ಎಂದಿದ್ದರೆ ಅಪಘಾತದ ದುರಸ್ತಿ ಆಗಿದೆ ಎಂದರ್ಥ. ಕಾರಿನ ಚಿತ್ರದ ಮೇಲೆ ಗುರುತು ಹಾಕಿದ ಅಕ್ಷರಗಳಲ್ಲಿ 'ಎ' ಗೀರು, 'ಯು' ತಗ್ಗು, 'ಡಬ್ಲ್ಯು' ದುರಸ್ತಿಯಿಂದ ಉಳಿದ ಅಲೆಯನ್ನು ಸೂಚಿಸುತ್ತವೆ. ಇವು ಎಷ್ಟಿದ್ದರೂ ನಾನು ಚಿಂತಿಸುವುದಿಲ್ಲ. ತುಕ್ಕಿನ ಗುರುತಾದ 'ಎಸ್' ಮತ್ತು ಅದಕ್ಕಿಂತ ಗಂಭೀರವಾದ ಸವೆತದ ಗುರುತಾದ 'ಸಿ' ಕಂಡರೆ ಮಾತ್ರ, ಅಂಕ 4 ಇದ್ದರೂ, ಅಡಿಭಾಗದ ಫೋಟೋ ನೋಡದೆ ಮುಂದುವರಿಯಬಾರದು. ಹರಾಜು ಟೋಕಿಯೊ ಬಳಿ ನಡೆಯಿತು ಎಂದ ಮಾತ್ರಕ್ಕೆ ಕಾರು ಅಲ್ಲಿಯೇ ಓಡಿದ್ದು ಎಂದು ನಂಬುವಂತಿಲ್ಲ. ನಾನು ಕೊಂಡ ಅಕ್ವಾದ ಅಂಕ 4. ಹಿಂದಿನ ಬಂಪರಿನ ಮೇಲೆ ಉದ್ದನೆಯ ಗೀರುಗಳಿದ್ದವು, ಅಡಿಭಾಗ ಮಾತ್ರ ಶುಭ್ರವಾಗಿತ್ತು. ಪಕ್ಕದಲ್ಲೇ ನಿಂತಿದ್ದ, ಗೀರಿಲ್ಲದ ಬಿಳಿ ಕಾರನ್ನು ಬಿಟ್ಟು ಇದನ್ನು ಆರಿಸಿದ್ದಕ್ಕೆ ನನ್ನ ಹೆಂಡತಿಗೆ ಆ ದಿನ ಬೇಸರವಾಗಿತ್ತು.

ನೇರವಾಗಿ ಜಪಾನಿನಿಂದ ತರಿಸಿಕೊಂಡರೆ ಅಗ್ಗವಲ್ಲವೇ ಎಂದು ಹೊಸದಾಗಿ ಬಂದ ಕನ್ನಡಿಗ ಗೆಳೆಯರು ಕೇಳುತ್ತಾರೆ. ಹಡಗಿನ ಬಾಡಿಗೆ, 15 ಪ್ರತಿಶತ ಜಿಎಸ್‌ಟಿ, ಗಡಿಯ ತಪಾಸಣೆ, ನೋಂದಣಿಗೆ ಮುಂಚಿನ ಪ್ರಮಾಣೀಕರಣ ಇವೆಲ್ಲವನ್ನೂ ಕೂಡಿಸಿದ ಮೇಲೆ ಉಳಿಯುವ ಹಣ ನನ್ನ ಲೆಕ್ಕದಲ್ಲಿ ಅಲ್ಪ. ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ (ಕಾರು ಹಿಡಿತ ತಪ್ಪಿ ಜಾರದಂತೆ ತಡೆಯುವ ವ್ಯವಸ್ಥೆ) ಇಲ್ಲದ ಪ್ರಯಾಣಿಕ ಕಾರುಗಳಿಗೆ 2020ರ ಮಾರ್ಚ್‌ನಿಂದ ಸಾಮಾನ್ಯವಾಗಿ ಪ್ರವೇಶವಿಲ್ಲ. 2018ರ ಫೆಬ್ರವರಿಯಲ್ಲಿ ಜಪಾನಿನಿಂದ ಕಾರು ಹೊತ್ತು ತಂದ ಹಡಗುಗಳಲ್ಲಿ ನಾರುವ ತಿಗಣೆಯಂಥ ಕೀಟ ಸಿಕ್ಕಿದಾಗ ಆ ಹಡಗುಗಳನ್ನು ಆಕ್ಲೆಂಡಿನಿಂದ ಹಿಂದಕ್ಕೆ ಕಳುಹಿಸಲಾಯಿತು. ಅದರಲ್ಲಿ ನಮ್ಮ ಕಾರಿದ್ದರೆ ತಿಂಗಳುಗಟ್ಟಲೆ ಕಾಯುವುದೇ ಗತಿ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿನ ವ್ಯಾಪಾರಿಯಿಂದ ಕೊಂಡರೆ 1993ರ ಗ್ರಾಹಕ ಖಾತರಿ ಕಾಯ್ದೆಯ ರಕ್ಷಣೆ ಸಿಗುತ್ತದೆ. ದೂರದ ರಫ್ತುದಾರರ ಮೇಲೆ ಅದನ್ನು ಚಲಾಯಿಸುವುದು ಕಷ್ಟ. ಮೊದಲ ಸಲ ಕೊಳ್ಳುವವರಿಗೆ ನೇರ ಆಮದನ್ನು ನಾನು ಸೂಚಿಸುವುದಿಲ್ಲ.

ಬಳಕೆಯಲ್ಲಿ ಅಕ್ವಾ ನಂಬಿಕೆಯ ಸಂಗಾತಿಯಾಗಿದೆ. ಬೇಸಿಗೆಯಲ್ಲಿ ಲೀಟರಿಗೆ 21 ಕಿ.ಮೀ. ಸಿಗುತ್ತದೆ, ಚಳಿಗಾಲದಲ್ಲಿ ಒಳಗೆ ಬಿಸಿಗಾಳಿ ಬರಬೇಕಾದರೆ ಎಂಜಿನ್ ಓಡಲೇಬೇಕಾದ್ದರಿಂದ 17ಕ್ಕೆ ಇಳಿಯುತ್ತದೆ. ಇಲ್ಲಿನವರು 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಎಣಿಸುತ್ತಾರೆ. ಜಪಾನೀ ಪರದೆ ನಮ್ಮ ಊರಿನ ಲೆಕ್ಕದಲ್ಲೇ ಮೈಲೇಜ್ ತೋರಿಸುವುದು ನನಗೆ ಅನುಕೂಲವಾಯಿತು. ತೀರ್ಥಹಳ್ಳಿಯಲ್ಲಿ ಬೆಳೆದ ನನಗೆ ಆಗುಂಬೆ ಘಾಟಿಯನ್ನು ಎರಡನೇ ಗೇರಿನಲ್ಲೇ ಇಳಿಯಬೇಕೆಂದು ಅಪ್ಪ ಕಲಿಸಿದ್ದರು. ಇಲ್ಲಿನ ಹಾಸ್ಟ್ ಕಣಿವೆಮಾರ್ಗದ ಇಳಿಜಾರಿನಲ್ಲಿ ಆ ಕೆಲಸವನ್ನು ಗೇರ್ ಹಿಡಿಯ 'ಬಿ' ಸ್ಥಾನ, ಅಂದರೆ ಎಂಜಿನ್ನಿನಿಂದಲೇ ವೇಗ ತಡೆಯುವ ಸ್ಥಾನ, ಮಾಡುತ್ತದೆ. ಬ್ಯಾಟರಿ ತುಂಬಿದ ಮೇಲೆ ಅದು ಇನ್ನಷ್ಟು ಶಕ್ತಿ ಹೀರಿ ಕಾರನ್ನು ತಡೆಯಲಾರದಾದ್ದರಿಂದ 'ಬಿ' ಬಹಳ ಅಗತ್ಯ. ಆದರೆ ಕಾರು ನೆಲಕ್ಕೆ ತಗ್ಗು, ಸುಮಾರು 14 ಸೆಂ.ಮೀ. ಅಂತರ ಮಾತ್ರ, ಜಲ್ಲಿ ರಸ್ತೆಯ ನಡುವಿನ ದಿಬ್ಬಕ್ಕೆ ಹಲವು ಸಲ ತಾಗಿದೆ. ಸ್ಟೆಪ್ನಿಯ ಬದಲು ಪಂಕ್ಚರ್ ಮುಚ್ಚುವ ದ್ರವದ ಸೀಸೆ ಇತ್ತು. ಪಶ್ಚಿಮ ಕರಾವಳಿಯಲ್ಲಿ ಗಂಟೆಗಟ್ಟಲೆ ಗ್ಯಾರೇಜ್ ಸಿಗುವುದಿಲ್ಲವಾದ್ದರಿಂದ ಹಳೆಯ ಚಕ್ರವೊಂದನ್ನು ಕೊಂಡು ಡಿಕ್ಕಿಯಲ್ಲಿ ಇಟ್ಟೆ; ಅರ್ಧ ಡಿಕ್ಕಿ ಅದಕ್ಕೇ ಹೋಯಿತು.

ಹೈಬ್ರಿಡ್ ಬ್ಯಾಟರಿ ಹಿಂದಿನ ಸೀಟಿನ ಕೆಳಗಿದೆ, ಅದನ್ನು ತಂಪಾಗಿಡುವ ಗಾಳಿ ಸೀಟಿನ ಕೆಳಬದಿಯ ಜಾಲರಿಯಿಂದ ಒಳಹೋಗುತ್ತದೆ. ನಾಲ್ಕನೆಯ ವರ್ಷ ಆ ಜಾಲರಿಯಲ್ಲಿ ಜಲ್ಲಿ ರಸ್ತೆಯ ಧೂಳು, ನೂಲು, ಮಕ್ಕಳ ಬಿಸ್ಕತ್ತಿನ ಪುಡಿ ಗಟ್ಟಿಯಾಗಿ ಕೂತು ಫ್ಯಾನಿನ ಸದ್ದು ಏರಿತು. ಅಲಕ್ಷ್ಯ ನನ್ನದೇ. ಈಗ ಆರು ತಿಂಗಳಿಗೊಮ್ಮೆ ಶುಚಿಮಾಡಿಸುತ್ತೇನೆ. ಬ್ಯಾಟರಿ ಇನ್ನೂ ಮೂಲದ್ದೇ. ಪ್ರತಿ ಶರತ್ಕಾಲದಲ್ಲಿ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿ, ಒಣಗಿದ ಮೇಲೆ ಲ್ಯಾನೊಲಿನ್, ಅಂದರೆ ಕುರಿಯ ಉಣ್ಣೆಯ ಜಿಡ್ಡನ್ನು, ಬ್ರೇಕಿಗೆ ತಾಗದಂತೆ ಸಿಂಪಡಿಸಿಸುತ್ತೇನೆ. ಆರು ವಾರಂಟ್‌ಗಳಲ್ಲೂ ತುಕ್ಕಿನ ಬಗ್ಗೆ ಒಂದು ಮಾತೂ ಬಂದಿಲ್ಲ.

ಸಣ್ಣ ತೊಡಕುಗಳೂ ಇವೆ. ಜಪಾನಿನ ಎಫ್‌ಎಂ ರೇಡಿಯೋ ಬೇರೆ ಕಂಪನಾಂಕದ್ದಾದ್ದರಿಂದ ಪರಿವರ್ತಕ ಹಾಕಿಸಬೇಕಾಯಿತು. ಟೋಲ್ ಕಾರ್ಡಿನ ಪೆಟ್ಟಿಗೆ ಕಾರು ಶುರುವಾದಾಗಲೆಲ್ಲ ಜಪಾನೀ ಭಾಷೆಯಲ್ಲಿ ಮಾತಾಡುತ್ತಿತ್ತು. ಊರಿನಿಂದ ಬಂದಿದ್ದ ಅಮ್ಮ "ಆ ಹುಡುಗಿ ದಿನಾ ಏನು ಕೇಳ್ತಾಳೋ?" ಎಂದಾಗ ವಿಚಾರಿಸಿದೆ, ಕಾರ್ಡ್ ಹಾಕಿಲ್ಲ ಎನ್ನುತ್ತಿದ್ದಳಂತೆ. ಆ ಪೆಟ್ಟಿಗೆಯನ್ನು ತೆಗೆಸಿದೆವು.

ನಗರದೊಳಗೇ ಓಡಾಡುವವರಿಗೆ ನಿಸ್ಸಾನ್ ಲೀಫ್ ಎಂಬ ವಿದ್ಯುತ್ ಕಾರು ಒಳ್ಳೆಯ ಆಯ್ಕೆಯಾಗಬಹುದು. ಆದರೆ 2024ರ ಏಪ್ರಿಲ್‌ನಿಂದ ವಿದ್ಯುತ್ ಕಾರುಗಳೂ 1,000 ಕಿ.ಮೀ.ಗೆ 76 ಡಾಲರ್ ರಸ್ತೆ ಶುಲ್ಕ ಕೊಡಬೇಕು, ಹಳೆಯ ಲೀಫ್‌ನ ಬ್ಯಾಟರಿ ನಮ್ಮ ದೂರದ ಪ್ರಯಾಣಗಳಿಗೆ ಸಾಲದು. ಮಕ್ಕಳು ಬೆಳೆದಿರುವುದರಿಂದ ಈಗ ಇದೇ ಬಗೆಯ 1.5 ಲೀಟರ್ ಹೈಬ್ರಿಡ್ ಎಂಜಿನ್ ಇರುವ, ಡಿಕ್ಕಿ ದೊಡ್ಡದಾದ ಕೊರೊಲ್ಲಾ ಫೀಲ್ಡರ್ ಹುಡುಕುತ್ತಿದ್ದೇನೆ. ಕಳೆದ ವಾರ ಇಷ್ಟವಾದ ಒಂದರ ಚೀಟಿಯಲ್ಲಿ ಹಿಂಬದಿಯ ಚಕ್ರದ ಬಳಿ ಒಂದು 'ಎಸ್' ಗುರುತಿದೆ. ವ್ಯಾಪಾರಿಯವರು ಅಡಿಭಾಗದ ಫೋಟೋ ಕಳುಹಿಸಲೆಂದು ಕಾಯುತ್ತಿದ್ದೇನೆ.