ಐರನ್ ಕ್ರಾಸ್ ಕೊಳ್ಳುವ ಮುನ್ನ: ಆಯಸ್ಕಾಂತಕ್ಕೆ ಅಂಟಿದರೆ ಸಾಲದು

ಜರ್ಮನಿಯ ಸೇನಾ ಪದಕವಾದ 1914ರ ಐರನ್ ಕ್ರಾಸ್, ಎರಡನೇ ದರ್ಜೆ, ಬೆಲೆ 28,000 ರೂಪಾಯಿ. ಜೊತೆಗೊಂದು ಕಥೆ: ಮೈಸೂರು ಲ್ಯಾನ್ಸರ್ಸ್ ದಳದ ಸವಾರರೊಬ್ಬರು 1918ರ ಸೆಪ್ಟೆಂಬರ್ 23ರ ಹೈಫಾ (ಇಂದಿನ ಇಸ್ರೇಲ್) ಕದನದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕನಿಂದ ತಂದದ್ದು, ಅಂದಿನಿಂದ ಮನೆಯ ಟ್ರಂಕಿನಲ್ಲೇ ಇದ್ದದ್ದು. ಬೆಂಗಳೂರಿನ ಸಂಗ್ರಾಹಕರೊಬ್ಬರು ಮಾರುವವನ ಎದುರೇ ಆಯಸ್ಕಾಂತ ಹಿಡಿದರು, ಅಂಟಿತು. ರಿಬ್ಬನ್ ಪೋಣಿಸುವ ಉಂಗುರದ ಮೇಲೆ 'ಕೆ ಓ' ಎಂಬ ತಯಾರಕರ ಮುದ್ರೆಯೂ ಇತ್ತು. ಹಣ ಯುಪಿಐನಲ್ಲಿ ಹೋಯಿತು. ಪದಕ ನಕಲಿ.

ಮೊದಲು ಬೆಲೆಯ ಮಾತು. ಮೊದಲನೇ ಮಹಾಯುದ್ಧದಲ್ಲಿ ಎರಡನೇ ದರ್ಜೆಯ ಐರನ್ ಕ್ರಾಸ್ ಸುಮಾರು 50 ಲಕ್ಷ ಮಂದಿಗೆ ಸಂದಿದೆ. ಅಪರೂಪದ್ದೇನಲ್ಲ. ಸಾಧಾರಣ ಸ್ಥಿತಿಯ ಅಸಲಿ ಪದಕ ಯುರೋಪಿನಲ್ಲಿ 100 ಯೂರೋ ಆಸುಪಾಸಿಗೆ ಸಿಗುತ್ತದೆ. ಹಾಗಾದರೆ ಉಳಿದ ಹಣ ಹೋದದ್ದು ಕಥೆಗೆ. ಮೈಸೂರಿನ ಸವಾರರು ಹೈಫಾದಲ್ಲಿ ಕಾದಾಡಿದ್ದು ನಿಜ, ಅಲ್ಲಿ ಜರ್ಮನ್ನರು ಸೆರೆಸಿಕ್ಕಿದ್ದೂ ನಿಜ. ನಿಜವಾದ ಚರಿತ್ರೆಗೆ ಸುಳ್ಳು ಲೋಹವನ್ನು ಕಟ್ಟಿಕೊಡುವುದೇ ಈ ದಂಧೆಯ ಜಾಣತನ. ಆ ಸವಾರರ ಹೆಸರನ್ನು ಹೀಗೆ ಮಾರಾಟಕ್ಕಿಡುವುದು ನೋವಿನ ಸಂಗತಿ.

ಕಥೆ ಸುಳ್ಳೆಂಬ ಸುಳಿವು ಮಾರುವವನು ಕಳಿಸಿದ ಫೋಟೋದಲ್ಲೇ ಇತ್ತು. 'ಅದೇ ಟ್ರಂಕಿನದು' ಎಂದು ಪಕ್ಕದಲ್ಲಿಟ್ಟ ಗಾಯಾಳು ಬಿಲ್ಲೆಯ (ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುತ್ತಿದ್ದ ಬಿಲ್ಲೆ) ಮೇಲಿನ ಶಿರಸ್ತ್ರಾಣದಲ್ಲಿ ನಾತ್ಸಿ ಸ್ವಸ್ತಿಕವಿತ್ತು. 1918ರ ಮಾರ್ಚ್‌ನಲ್ಲಿ ಶುರುವಾದ ಮೂಲ ಬಿಲ್ಲೆಯಲ್ಲಿ ಶಿರಸ್ತ್ರಾಣ ಬೋಳು. ಸ್ವಸ್ತಿಕ ಸೇರಿದ್ದು ಹಿಟ್ಲರನ ಕಾಲದಲ್ಲಿ. ಹೈಫಾದಿಂದ ಅದು ಬರುವುದು ಹೇಗೆ?

ಇನ್ನು ಪದಕ. ಅಸಲಿ 1914ರ ಪದಕಕ್ಕೆ ಮೂರು ಭಾಗ: ನಡುವೆ ಕಪ್ಪು ಬಣ್ಣ ಬಳಿದ ಕಬ್ಬಿಣ, ಅದನ್ನು ಹಿಂದು ಮುಂದಿನಿಂದ ಕವುಚಿ ಹಿಡಿದ ಎರಡು ಬೆಳ್ಳಿಯ ಚೌಕಟ್ಟು. ಅಗಲ ಸುಮಾರು 42 ಮಿ.ಮೀ. ಮುಂಬದಿಯಲ್ಲಿ ಕಿರೀಟ, 'ಡಬ್ಲ್ಯೂ' ಅಕ್ಷರ, 1914. ಹಿಂಬದಿಯಲ್ಲಿ ಕಿರೀಟ, 'ಎಫ್ ಡಬ್ಲ್ಯೂ', ಓಕ್ ಎಲೆ, ಈ ಪದಕ ಮೊದಲು ಶುರುವಾದ ಇಸವಿ 1813. ಎರಡು ಚೌಕಟ್ಟನ್ನು ಅಂಚಿನಲ್ಲಿ ಬೆಸೆದು ಅರದಿಂದ ಉಜ್ಜಿರುತ್ತಾರೆ. 10 ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು ಅಂಚನ್ನು ಓರೆ ಬೆಳಕಿಗೆ ತಿರುಗಿಸಿದರೆ ಬೆಸುಗೆಯ ಕೂದಲೆಳೆ ಗೆರೆ ಎಲ್ಲಾದರೂ ಒಂದು ಕಡೆ ಕಂಡೇ ಕಾಣುತ್ತದೆ. ಕಬ್ಬಿಣಕ್ಕೂ ಚೌಕಟ್ಟಿಗೂ ನಡುವೆ ಸಣ್ಣ ಸಂದು ಇರುತ್ತದೆ.

ಈ ನಕಲಿಯಲ್ಲೂ ನಡುವೆ ಕಬ್ಬಿಣವೇ ಇತ್ತು, ಅದಕ್ಕೇ ಆಯಸ್ಕಾಂತ ಅಂಟಿದ್ದು. ಒಂದೇ ತುಂಡಾಗಿ ಎರಕ ಹೊಯ್ದ ಅಗ್ಗದ ನಕಲಿಯನ್ನು ಆಯಸ್ಕಾಂತ ಹಿಡಿದುಕೊಡುತ್ತದೆ, ಅಷ್ಟೇ. ಕಬ್ಬಿಣ ಸೇರಿಸುವಷ್ಟು ಬುದ್ಧಿ ನಕಲಿ ಮಾಡುವವರಿಗೂ ಬಂದು ಬಹಳ ಕಾಲವಾಯಿತು. ಅತ್ತ, ಹಿತ್ತಾಳೆಯ ತಿರುಳಿದ್ದು ಆಯಸ್ಕಾಂತಕ್ಕೆ ಅಂಟದ ಅಸಲಿ ಪದಕಗಳೂ ಇವೆ.

ಸಿಕ್ಕಿಬಿದ್ದದ್ದು ಚೌಕಟ್ಟಿನಲ್ಲಿ. ಅಚ್ಚೊತ್ತಿದ ಅಸಲಿಯಲ್ಲಿ ಅಂಚಿನ ಮಣಿಸಾಲಿನ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಚೂಪಾಗಿರುತ್ತದೆ. ಎರಕದಲ್ಲಿ ಮಣಿಗಳು ಮೇಣದಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಸಂದಿನಲ್ಲಿ ಗಾಳಿಗುಳ್ಳೆಯ ಸೂಜಿಮೊನೆ ಗುಳಿಗಳು ಉಳಿಯುತ್ತವೆ. ಇಲ್ಲಿ ಎರಡೂ ಇದ್ದವು. ಸವೆದ ಮೂಲೆಯಲ್ಲಿ ಹಳದಿ ಇಣುಕುತ್ತಿತ್ತು. ಬೆಳ್ಳಿ ಎಷ್ಟು ಸವೆದರೂ ಒಳಗೂ ಬೆಳ್ಳಿಯೇ. ಹಳದಿ ಕಂಡರೆ ಹಿತ್ತಾಳೆಗೆ ಬೆಳ್ಳಿಯ ಲೇಪ ಕೊಟ್ಟದ್ದು ಎಂದರ್ಥ.

ಉಂಗುರದ ಮುದ್ರೆಯನ್ನು ಓದಿದರೆ ಸಾಲದು, ಅದು ಹೇಗೆ ಬಿದ್ದಿದೆ ಎಂದು ನೋಡಬೇಕು. ಉಳಿಯಚ್ಚಿನಿಂದ ಹೊಡೆದಾಗ ಲೋಹ ಪಕ್ಕಕ್ಕೆ ಸರಿದು ಅಕ್ಷರದ ಸುತ್ತ ಸಣ್ಣ ದಿಬ್ಬ ಏಳುತ್ತದೆ. ಲೇಸರಿನಲ್ಲಿ ಕೊರೆದದ್ದಕ್ಕೆ ಆ ದಿಬ್ಬ ಇರುವುದಿಲ್ಲ, ತಳ ಚಪ್ಪಟೆ. ಉಂಗುರವನ್ನು ಸುಲಭವಾಗಿ ಬದಲಿಸಬಹುದು ಎಂಬುದೂ ನೆನಪಿರಲಿ.

ತುಕ್ಕಿಗೂ ವಯಸ್ಸಿದೆ. ಹಳೆಯದು ಕಡುಕಂದು, ಗಟ್ಟಿ. ಬಣ್ಣ ಸವೆಯುವ ಎತ್ತರದ ಜಾಗಗಳಲ್ಲಿ, ಅಂದರೆ ಕಿರೀಟದ ಮೇಲೆ, ಅಕ್ಷರದ ಅಂಚಿನಲ್ಲಿ ಮೊದಲು ಕಾಣಿಸುತ್ತದೆ. ಉಪ್ಪುನೀರಿನಲ್ಲಿಟ್ಟು ಬರಿಸಿದ್ದು ಕಿತ್ತಳೆ ಬಣ್ಣದ ಪುಡಿ. ಒದ್ದೆ ಹತ್ತಿಗೆ ಹತ್ತಿಕೊಂಡು ಬರುತ್ತದೆ.

ರಿಬ್ಬನ್ನನ್ನು ಕತ್ತಲೆ ಕೋಣೆಯಲ್ಲಿ 365 ನ್ಯಾನೋಮೀಟರಿನ ಯುವಿ ಟಾರ್ಚಿನಡಿ ನೋಡಿ. ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಈ ರಿಬ್ಬನ್ನಿನ ಬಿಳಿ ಪಟ್ಟೆ ನೀಲಿಯಾಗಿ ಉರಿಯಿತು. ಆದರೆ ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ: ಹಳೆಯ ರಿಬ್ಬನ್ನನ್ನು ಇಂದಿನ ಸೋಪುಪುಡಿಯಲ್ಲಿ ಒಗೆದಿದ್ದರೂ ಹೊಳೆಯುತ್ತದೆ. ಅಸಲಿ ಪದಕಕ್ಕೆ ಹೊಸ ರಿಬ್ಬನ್ ಹಾಕಿರುವುದೂ ಸಾಮಾನ್ಯ.

1939ರ, ಅಂದರೆ ಎರಡನೇ ಮಹಾಯುದ್ಧದ ಪದಕ ಹುಡುಕುವವರಿಗೆ ಬೇರೆಯೇ ತೊಡಕು. 1957ರ ಜುಲೈನಲ್ಲಿ ಪಶ್ಚಿಮ ಜರ್ಮನಿ ಕಾನೂನು ಮಾಡಿ, ಯುದ್ಧಕಾಲದ ಪದಕಗಳನ್ನು ಸ್ವಸ್ತಿಕವಿಲ್ಲದ ರೂಪದಲ್ಲಿ ಧರಿಸಲು ಅನುಮತಿ ಕೊಟ್ಟಿತು. ಸ್ವಸ್ತಿಕದ ಜಾಗದಲ್ಲಿ ಓಕ್ ಎಲೆ, ಕೆಳಗೆ 1939 ಹಾಗೇ ಇದೆ. ಅದು ನಕಲಿಯಲ್ಲ, ಆದರೆ ಯುದ್ಧಕಾಲದ್ದೂ ಅಲ್ಲ. ಇಸವಿ ತೋರಿಸಿ ಯುದ್ಧಕಾಲದ ಬೆಲೆ ಕೇಳುವವರಿದ್ದಾರೆ. ಸ್ವಸ್ತಿಕ ಇರುವ ವಸ್ತುಗಳನ್ನು ಜರ್ಮನಿಯಲ್ಲಿ ಸಾರ್ವಜನಿಕವಾಗಿ ಪ್ರದರ್ಶಿಸುವುದು ಅಪರಾಧ, ಸಂಶೋಧನೆ, ಬೋಧನೆ, ಕಲೆ, ವರದಿಗಾರಿಕೆಯಂಥ ಉದ್ದೇಶಗಳಿಗೆ ವಿನಾಯಿತಿ ಉಂಟು. ಲಕ್ಷಾಂತರ ಜನರನ್ನು ಕೊಂದ ಆಡಳಿತದ ಗುರುತು ಅದು. ಸಾಕ್ಷ್ಯವಾಗಿ ಇಟ್ಟುಕೊಳ್ಳುವವರು ಮಾತ್ರ ಕೊಳ್ಳಲಿ.

ಅಸಲಿ ಸಿಕ್ಕಿತೆಂದರೆ ಹುಣಸೆಹುಳಿ ಹಾಕಿ ಬೆಳಗಬೇಡಿ. ಹುಳಿನೀರು ಸಂದಿನೊಳಗೆ ಇಳಿದರೆ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಬೆಸುಗೆ ಬಿರಿಯುತ್ತದೆ. ಕರಾವಳಿಯವರು ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಪಿವಿಸಿ ಕವರು ಬೇಡ.

ಹಣ ಕೊಡುವ ಮುಂಚೆ ಮೂರು ಫೋಟೋ ಕೇಳಿ: ಅಂಚಿನದು, ಉಂಗುರದ ಮುದ್ರೆಯದು, ಮಣಿಸಾಲಿನದು, ಎಲ್ಲವೂ ಹತ್ತಿರದಿಂದ ತೆಗೆದವು. ಕೊಡಲು ತಡಮಾಡಿದರೆ ಅಲ್ಲಿಗೇ ಬಿಡಿ. ರಸೀದಿಯಲ್ಲಿ '1914-18ರ ಅಸಲಿ ಪದಕ, ಅಲ್ಲವೆಂದಾದರೆ 14 ದಿನದೊಳಗೆ ಹಣ ವಾಪಸು' ಎಂದು ಬರೆಸಿಕೊಳ್ಳಿ. ವಿದೇಶದಿಂದ ತರಿಸುವವರು ಇನ್ನೊಂದು ಗಮನಿಸಬೇಕು: 1972ರ ಪ್ರಾಚ್ಯವಸ್ತು ಕಾಯ್ದೆಯಡಿ 100 ವರ್ಷ ದಾಟಿದ ಚಾರಿತ್ರಿಕ ವಸ್ತುವನ್ನು ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವಂತಿಲ್ಲ. ಹೀಗಾಗಿ ಇಷ್ಟವಾಗದಿದ್ದರೆ ಹಿಂದಕ್ಕೆ ಕಳಿಸಿದರಾಯಿತು ಎಂಬ ಲೆಕ್ಕ ನಡೆಯದು.

ಮೇಲಿನ ಪ್ರಕರಣದಲ್ಲಿ ಕೊಂಡವರ ಕೈಯಲ್ಲಿದ್ದ ಚೀಟಿಯಲ್ಲಿ ಬರೆದಿದ್ದು ಇಷ್ಟೇ: 'ಜರ್ಮನ್ ಮಾದರಿಯ ಹಳೆ ಪದಕ, ಒಂದು.' ದೂರು ಕೊಡಲು ಹೋದಾಗ, ಮಾರುವವನು ಬರವಣಿಗೆಯಲ್ಲಿ ಒಂದು ಸುಳ್ಳನ್ನೂ ಹೇಳಿರಲಿಲ್ಲ.